ವಾಗ್ದಾನದ ವಚನ ಮತ್ತು ಅದರ ಸುತ್ತಲಿನ ಅಧ್ಯಾಯ: ಮೈಸೂರಿನ ಒಂದು ಸತ್ಯವೇದ ಅಧ್ಯಯನ ತರಗತಿ

ಮೈಸೂರಿನ ಕ್ರೈಸ್ತ ಸಭೆಯೊಂದು ತನ್ನ ದೇವಾಲಯದ ಮಗ್ಗುಲಿನ ಸಭಾಂಗಣದಲ್ಲಿ ಪ್ರತಿ ಗುರುವಾರ ಸಂಜೆ ನಡೆಸುವ ಸತ್ಯವೇದ (ಬೈಬಲ್) ಅಧ್ಯಯನ ತರಗತಿಗೆ ಕಳೆದ ಮಳೆಗಾಲದಿಂದ ಹೋಗುತ್ತಿದ್ದೇನೆ. ಈ ಊರಿನಲ್ಲಿ ಇಂತಹ ಕೂಟಗಳಿಗೆ ಕೊರತೆಯಿಲ್ಲ. ಆದರೆ ಓದಿ ಅರ್ಥಮಾಡಿಕೊಳ್ಳಲು ಕಷ್ಟವಾಗುವ ಭಾಗಗಳನ್ನೇ ಹುಡುಕಿ ಮುಂದಿಟ್ಟುಕೊಳ್ಳುವ ತರಗತಿ ಬೇರೊಂದನ್ನು ನಾನು ಕಂಡಿಲ್ಲವಾದ್ದರಿಂದ ಅದರ ಗುಣದೋಷಗಳನ್ನು ವಿವರವಾಗಿಯೇ ಬರೆಯುವುದು ಸೂಕ್ತವೆನಿಸಿತು. ಸಭೆಯ ಹೆಸರನ್ನು ಹೇಳುವುದಿಲ್ಲ. ಮೆಚ್ಚುಗೆಯ ಜೊತೆಗೆ ಕುಂದುಗಳನ್ನೂ ಹೇಳಬೇಕಾಗಿದೆ, ಒಂದು ಪೈಸೆಯ ಪ್ರತಿಫಲವಿಲ್ಲದೆ ದುಡಿಯುವವರ ಕುಂದುಗಳನ್ನು ಹೆಸರು ಹಿಡಿದು ಬರೆಯುವುದು ನ್ಯಾಯವಲ್ಲ.

ತರಗತಿಯನ್ನು ನಡೆಸುವವರು ನಿವೃತ್ತ ಪ್ರೌಢಶಾಲಾ ಉಪಾಧ್ಯಾಯಿನಿ. ಅವರಿಗಿಂತ ಹಿರಿಯರಾದವರೂ ಅವರನ್ನು ಟೀಚರಮ್ಮ ಎಂದೇ ಕರೆಯುತ್ತಾರೆ. ಸಭಾಪಾಲಕರಾದ ಅಯ್ಯನವರು ಆರಂಭದ ಪ್ರಾರ್ಥನೆಯನ್ನು ಮಾಡಿ, ಮನೆ ಭೇಟಿಗಳಿಲ್ಲದ ದಿನ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಾರೆ ಮತ್ತು ಕೇಳಿದರೆ ಮಾತ್ರ ಮಾತನಾಡುತ್ತಾರೆ, ಇದು ನಮ್ಮ ಸಭೆಗಳಲ್ಲಿ ಅಪರೂಪ. ಬನ್ನಿಮಂಟಪ, ಹಿನಕಲ್, ಕುವೆಂಪುನಗರಗಳಿಂದ ಬರುವವರಿದ್ದಾರೆ, ಶ್ರೀರಂಗಪಟ್ಟಣದ ಕಡೆಯಿಂದ ಬೈಕಿನಲ್ಲಿ ಬರುವ ರೈತರೊಬ್ಬರಿದ್ದಾರೆ, ತಮ್ಮ ಬೈಬಲಾದ ಶ್ರೀಗ್ರಂಥವನ್ನು ಕಂಕುಳಲ್ಲಿಟ್ಟುಕೊಂಡು ಬರುವ ಇಬ್ಬರು ಮೂವರು ಕಥೋಲಿಕರೂ ಇದ್ದಾರೆ. ಶುಲ್ಕವಿಲ್ಲ. ಬಾಗಿಲ ಬಳಿಯ ಡಬ್ಬಿಯಲ್ಲಿ ಜೆರಾಕ್ಸ್ ಖರ್ಚಿಗೆ ಮನಸ್ಸಿದ್ದಷ್ಟು ಹಾಕಬಹುದು. ನಿಯಮ ಒಂದೇ: ವಚನವೊಂದರ ಅರ್ಥದ ಬಗ್ಗೆ ಯಾರೂ ಬಾಯಿ ತೆರೆಯುವ ಮೊದಲು ಆ ವಚನವಿರುವ ಇಡೀ ಅಧ್ಯಾಯವನ್ನು, ಬೇಕಾದರೆ ಅದರ ಹಿಂದಿನ ಅಧ್ಯಾಯವನ್ನೂ, ಸರದಿಯ ಮೇಲೆ ಗಟ್ಟಿಯಾಗಿ ಓದಿ ಮುಗಿಸಬೇಕು.

ಈ ನಿಯಮದ ಬೆಲೆ ತಿಳಿಯಬೇಕಾದರೆ ನಮ್ಮ ಮನೆಗಳಲ್ಲಿ ಸತ್ಯವೇದವನ್ನು ಬಳಸುವ ರೀತಿಯನ್ನು ನೆನೆಯಬೇಕು. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಸತ್ಯವೇದದ ಒಂದು ವಚನ ಅಚ್ಚಾಗಿರುವ ಹೊಸ ವರ್ಷದ ವಾಗ್ದಾನದ ಚೀಟಿಯನ್ನು ತಟ್ಟೆಯಿಂದ ಎತ್ತಿಕೊಂಡು, ಅದನ್ನು ಫ್ರಿಜ್ಜಿನ ಬಾಗಿಲಿಗೋ ಕನ್ನಡಿಯ ಅಂಚಿಗೋ ಸಿಕ್ಕಿಸಿ, ವರ್ಷವಿಡೀ ಅದನ್ನೇ ಓದಿಕೊಳ್ಳುವ ರೂಢಿ ನನಗೂ ಇದೆ. ಅದನ್ನು ಬಿಡುವ ಯೋಚನೆಯಿಲ್ಲ. ಆದರೆ ಅಧ್ಯಾಯದಿಂದ ಕಿತ್ತುಕೊಂಡ ಒಂದು ವಚನ ನಮ್ಮ ಕೈಗೆ ಇಷ್ಟು ಸಲೀಸಾಗಿ ಸಿಗುವುದು ತೀರ ಹಳೆಯ ಸಂಗತಿಯೇನಲ್ಲ. ಇಂದು ಬಳಕೆಯಲ್ಲಿರುವ ಅಧ್ಯಾಯ ವಿಭಾಗವನ್ನು 13ನೆಯ ಶತಮಾನದ ಆರಂಭದಲ್ಲಿ ಸ್ಟೀಫನ್ ಲ್ಯಾಂಗ್ಟನ್ ಎಂಬ ಇಂಗ್ಲಿಷ್ ಧರ್ಮಪಂಡಿತ ಮಾಡಿದನೆಂದು ಹೇಳುತ್ತಾರೆ. ಹೊಸ ಒಡಂಬಡಿಕೆಯ ವಚನಗಳಿಗೆ ಈಗಿನ ಸಂಖ್ಯೆಗಳನ್ನು ಹಾಕಿ ಅಚ್ಚು ಮಾಡಿದವನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ, 1551ರಲ್ಲಿ. ಅದಕ್ಕೆ ಮೊದಲಿನವರು ಅಪೊಸ್ತಲ ಪೌಲನ ಪತ್ರವನ್ನು ಪತ್ರವಾಗಿಯೇ ಓದಬೇಕಿತ್ತು. ಟೀಚರಮ್ಮನವರು ಇದನ್ನು ಮೊದಲ ದಿನವೇ ಹೇಳಿ, ಚೀಟಿಯ ವಚನವನ್ನು ಕೈಬಿಡಬೇಡಿ, ಅದು ಹುಟ್ಟಿದ ಮನೆಯನ್ನು ಮಾತ್ರ ಒಮ್ಮೆ ನೋಡಿಕೊಂಡು ಬನ್ನಿ ಎಂದರು. ತರಗತಿಯ ಒಟ್ಟು ಕೆಲಸ ಇದೇ, ಮತ್ತು ಅದರ ದೊಡ್ಡ ಸೇವೆಯೂ ಇದೇ.

ಯೆರೆಮೀಯನ 29ನೆಯ ಅಧ್ಯಾಯಕ್ಕೆ ಎರಡು ವಾರ ತೆಗೆದುಕೊಂಡೆವು, ನನ್ನ ಮಟ್ಟಿಗೆ ಅವು ತರಗತಿಯ ಅತ್ಯುತ್ತಮ ವಾರಗಳು. ನಿಮ್ಮ ವಿಷಯದಲ್ಲಿ ನಾನು ಮಾಡಿಕೊಂಡಿರುವ ಆಲೋಚನೆಗಳು ಕೇಡಿನವಲ್ಲ ಹಿತದವು ಎಂಬರ್ಥದ 11ನೆಯ ವಚನ ಯಾರಿಗೆ ಗೊತ್ತಿಲ್ಲ? ಸರಸ್ವತಿಪುರಂನ ಕೋಣೆಯೊಂದರಲ್ಲಿ ಕೆಎಎಸ್ ಪರೀಕ್ಷೆಗೆ ಓದುತ್ತಿರುವ ನನ್ನ ತಂಗಿಯ ಮಗನ ಮೇಜಿನ ಮೇಲೆ ಅದು ಅಂಟಿಕೊಂಡಿದೆ. ಅಧ್ಯಾಯವನ್ನು ಮೊದಲಿನಿಂದ ಓದಿದಾಗ ತಿಳಿಯುವುದೇನೆಂದರೆ, ಅದು ಕ್ರಿ.ಪೂ. 597ರಲ್ಲಿ ರಾಜ ಯೆಕೊನ್ಯನೊಡನೆ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದವರಿಗೆ ಪ್ರವಾದಿಯು ಯೆರೂಸಲೇಮಿನಿಂದ ಬರೆದ ಓಲೆ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಂಡು ಅದರ ಫಲವನ್ನು ತಿನ್ನಿ, ಮಕ್ಕಳಿಗೆ ಮದುವೆ ಮಾಡಿಸಿ, ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಓಲೆ ಆರಂಭವಾಗುತ್ತದೆ. ಬಿಡುಗಡೆ 70 ವರ್ಷಗಳ ನಂತರ ಎಂದು 10ನೆಯ ವಚನ ಹೇಳುತ್ತದೆ. ಹಿತದ ಆಲೋಚನೆಯ ಮಾತು ಬರುವುದು ಅದಾದ ಮೇಲೆ.

ಇಷ್ಟನ್ನು ಅನೇಕ ಪ್ರಸಂಗಗಳಲ್ಲಿ ಕೇಳಿದ್ದೆ. ಆದರೆ ಹಿಂದಿನ ಅಧ್ಯಾಯವನ್ನೂ ಓದಿಸಿದ್ದರಿಂದ ನಾನು ಎಂದೂ ಗಮನವಿಟ್ಟು ನೋಡದಿದ್ದ ಹನನ್ಯನೆಂಬ ಪ್ರವಾದಿ ಎದುರಿಗೆ ಬಂದು ನಿಂತನು. ಯೆರೆಮೀಯನು ಹೆಗಲ ಮೇಲೆ ಹೊತ್ತಿದ್ದ ನೊಗವನ್ನು ಕಿತ್ತು ಮುರಿದು, ಎರಡೇ ವರ್ಷಗಳಲ್ಲಿ ಯೆಹೋವನು ಬಾಬೆಲಿನ ಅರಸನ ನೊಗವನ್ನು ಹೀಗೆಯೇ ಮುರಿಯುವನು, ಒಯ್ದ ಪಾತ್ರೆಗಳೂ ಜನರೂ ಹಿಂದಿರುಗುವರು ಎಂದು ಅವನು ದೇವಾಲಯದಲ್ಲಿ ಎಲ್ಲರ ಮುಂದೆ ಸಾರುತ್ತಾನೆ. ಯೆರೆಮೀಯನ ಮೊದಲ ಉತ್ತರ ಆಮೆನ್ ಎಂಬುದೇ. ಹಾಗೆಯೇ ಆಗಲಿ ಎನ್ನುತ್ತಾನೆ. ಆ ಮಾತು ಸತ್ಯವಲ್ಲವೆಂದು ಅವನು ಹನನ್ಯನ ಮುಖಕ್ಕೆ ಹೇಳುವುದು ಆಮೇಲೆ, ಯೆಹೋವನ ಅಪ್ಪಣೆ ಬಂದ ಮೇಲೆ. ಅದೇ ವರ್ಷದ ಏಳನೆಯ ತಿಂಗಳಿನಲ್ಲಿ ಹನನ್ಯನು ಸಾಯುತ್ತಾನೆ. ಟೀಚರಮ್ಮನವರು ಇಲ್ಲಿ ಕೇಳಿದ ಪ್ರಶ್ನೆ ಇದು: ಈ ಇಬ್ಬರಲ್ಲಿ ಯಾರ ಮಾತನ್ನು ನಾವು ಚೀಟಿಯ ಮೇಲೆ ಅಚ್ಚು ಹಾಕಿಸುತ್ತಿದ್ದೆವು? ಎರಡು ವರ್ಷ ಎಂದವನ ಮಾತನ್ನಲ್ಲವೇ? ಕುರ್ಚಿಗಳಲ್ಲಿ ಒಂದಿಷ್ಟು ನಗು ಬಂತು. ಓಲೆಯನ್ನು ಮೊದಲು ಓದಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಬಿಡುಗಡೆಯನ್ನು ಕಾಣದೆ ಬಾಬೆಲಿನಲ್ಲೇ ಮಣ್ಣಾದರು, ಅವರ ಪಾಲಿಗೆ ಆ ವಾಗ್ದಾನವೆಂದರೆ ಮೊಮ್ಮಕ್ಕಳ ವಾಗ್ದಾನ ಎಂದು ಹಿಂದಿನ ಸಾಲಿನಿಂದ ಅಯ್ಯನವರು ಸೇರಿಸಿದರು.

ನನ್ನ ತಂಗಿಯ ಮಗನಿಗೆ ಇದನ್ನು ಹೇಳಬೇಕೇ ಎಂದು ಯೋಚಿಸಿ ಕೊನೆಗೆ ಹೇಳಿದೆ. ಹಾಗಾದರೆ ಫಲಿತಾಂಶ ಬರುವವರೆಗೂ ತೋಟ ಮಾಡಿಕೊಂಡು ಇರಬೇಕು ಅನ್ನಿ ದೊಡ್ಡಮ್ಮ ಎಂದು ಅವನು ನಕ್ಕನು. ಚೀಟಿಯನ್ನು ತೆಗೆಯಲಿಲ್ಲ, ತೆಗೆಯಬೇಕಾದ ಕಾರಣವೂ ಇರಲಿಲ್ಲ. 70 ವರ್ಷಗಳ ಲೆಕ್ಕ ಗೊತ್ತಿದ್ದೂ ಹಿತವನ್ನೇ ನಂಬುವುದು ಹೆಚ್ಚು ಗಟ್ಟಿಯಾದ ನಂಬಿಕೆಯೆಂದು ನನಗೆ ತೋರುತ್ತದೆ.

ಪ್ರಲಾಪಗಳ ಗ್ರಂಥವನ್ನು ಓದಿದ ವಾರಗಳೂ ಇದೇ ಮಟ್ಟದಲ್ಲಿ ನಡೆದವು. ಯೆಹೋವನ ಕರುಣೆಯು ಬೆಳಬೆಳಗೂ ಹೊಸದಾಗುತ್ತದೆ ಎಂಬ ಮೂರನೆಯ ಅಧ್ಯಾಯದ ಮಾತು ನಮ್ಮ ಬೆಳಗಿನ ಪ್ರಾರ್ಥನೆಗಳಲ್ಲಿ ಎಷ್ಟು ಬಳಕೆಯಾಗಿದೆಯೆಂದರೆ ಅದು ನಗರವೊಂದು ಸುಟ್ಟು ಬೂದಿಯಾದ ಮೇಲಿನ ಮಾತು ಎಂಬುದು ಮರೆತೇ ಹೋಗಿದೆ. ಗ್ರಂಥದಲ್ಲಿ ಐದು ಶೋಕಗೀತೆಗಳಿವೆ. ಒಂದು, ಎರಡು, ನಾಲ್ಕು ಮತ್ತು ಐದನೆಯ ಅಧ್ಯಾಯಗಳಲ್ಲಿ 22 ವಚನಗಳು, ನಡುವಿನ ಮೂರನೆಯದರಲ್ಲಿ 66. ಹೀಬ್ರೂ ಅಕ್ಷರಮಾಲೆಯ 22 ಅಕ್ಷರಗಳ ಸಾಲು ಹಿಡಿದು ಮೊದಲ ನಾಲ್ಕನ್ನು ಹೆಣೆದಿದ್ದಾರೆ. ಐದನೆಯದರಲ್ಲಿ ವಚನಗಳ ಸಂಖ್ಯೆ ಉಳಿದಿದ್ದರೂ ಅಕ್ಷರಗಳ ಕ್ರಮ ಕಳಚಿಬಿದ್ದಿದೆ. ಅಳುವವರು ಅಳುವಿಗೆ ಇಷ್ಟು ಕಟ್ಟುನಿಟ್ಟಾದ ಚೌಕಟ್ಟನ್ನು ಏಕೆ ಹಾಕಿಕೊಂಡರು ಎಂದು ಕೇಳಿದಾಗ ಕಥೋಲಿಕ ಹಿರಿಯರೊಬ್ಬರು, ನಮ್ಮ ಹಳ್ಳಿಯಲ್ಲಿ ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವ ಹೆಂಗಸರಿಗೂ ಒಂದು ಕ್ರಮವಿರುತ್ತಿತ್ತು, ಹಾಡಿಲ್ಲದೆ ಅಳು ಹೊರಡುವುದಿಲ್ಲ ಎಂದರು. ಯಾವ ವ್ಯಾಖ್ಯಾನದ ಪುಸ್ತಕದಲ್ಲೂ ನನಗೆ ಸಿಗದಿದ್ದ ಉತ್ತರವಿದು.

ಕರುಣೆಯ ಆ ವಚನಗಳು ಗ್ರಂಥದ ಕೊನೆಯಲ್ಲಿಲ್ಲ, ನಡುವಿನಲ್ಲಿವೆ. ಅವುಗಳ ನಂತರ ನಾಲ್ಕನೆಯ ಅಧ್ಯಾಯದಲ್ಲಿ ಹಸಿವಿನಿಂದ ತಾಯಂದಿರು ಮಾಡಿದ, ಇಲ್ಲಿ ಬರೆಯಲಾಗದಂತಹ ಕೃತ್ಯದ ವರ್ಣನೆ ಬರುತ್ತದೆ. ಗ್ರಂಥ ಮುಗಿಯುವುದು ನಮ್ಮನ್ನು ಸಂಪೂರ್ಣವಾಗಿ ತಳ್ಳಿಬಿಟ್ಟೆಯಾ ಎಂಬ ಶಂಕೆಯಲ್ಲಿ. ಸಾಂತ್ವನ ಬಂದ ಮೇಲೂ ದುಃಖ ತನ್ನ ಪಾಡಿಗೆ ಮುಂದುವರಿಯುತ್ತದೆ ಎಂಬುದನ್ನು ಸತ್ಯವೇದವೇ ಒಪ್ಪಿಕೊಂಡಿರುವಾಗ, ದುಃಖದ ಮನೆಗೆ ಹೋಗಿ ಒಂದು ವಚನ ಓದಿ ಸಮಾಧಾನವಾಯಿತೇ ಎಂದು ಕೇಳುವ ನಮ್ಮ ಅವಸರ ಎಲ್ಲಿಂದ ಬಂತೋ ತಿಳಿಯದು.

88ನೆಯ ಕೀರ್ತನೆಯ ದಿನವನ್ನು ಇಲ್ಲಿ ಹೇಳಲೇಬೇಕು. ದೇವಾಲಯದ ಗಾಯಕರಾದ ಕೋರಹೀಯರ ಸಂಗ್ರಹಕ್ಕೆ ಸೇರಿದ, ಹೇಮಾನನ ಹೆಸರಿನಲ್ಲಿರುವ ಆ ಕೀರ್ತನೆ ಕತ್ತಲೆಯ ಮಾತಿನಲ್ಲೇ ಕೊನೆಗೊಳ್ಳುತ್ತದೆ. ಬೇರೆ ಬಿನ್ನಹದ ಕೀರ್ತನೆಗಳು ಸಾಮಾನ್ಯವಾಗಿ ಕೊನೆಯಲ್ಲಿ ಸ್ತೋತ್ರಕ್ಕೆ ತಿರುಗುತ್ತವೆ; ಶಿಲುಬೆಯ ಮೇಲೆ ಕರ್ತನಾದ ಯೇಸು ಕೂಗಿದ 22ನೆಯ ಕೀರ್ತನೆಯೂ ಕೈಬಿಟ್ಟೆಯೇಕೆ ಎಂದು ಆರಂಭವಾಗಿ ಸಭೆಯ ನಡುವಿನ ಸ್ತುತಿಯ ಕಡೆಗೆ ಹೊರಳುತ್ತದೆ. 88ರಲ್ಲಿ ಆ ತಿರುವಿಲ್ಲ. ಅದನ್ನು ಓದುವ ಸರದಿ ಗಂಡನನ್ನು ವಾರಕ್ಕೆರಡು ಬಾರಿ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವ ಒಬ್ಬ ಸಹೋದರಿಗೆ ಬಂತು. ಕೊನೆಯ ವಚನವನ್ನು ಓದಿ ಅವರು ಪುಸ್ತಕದಿಂದ ತಲೆ ಎತ್ತದೆ, ಇಷ್ಟೇನಾ ಟೀಚರಮ್ಮ, ಮುಂದಿನದನ್ನೂ ಓದಲೇ ಎಂದರು. ಇಷ್ಟೇ ಅಮ್ಮ, ಇದು ಇಲ್ಲಿಗೆ ಮುಗಿಯಿತು ಎಂದು ಟೀಚರಮ್ಮನವರು ಹೇಳಿ, 89ಕ್ಕೆ ಹೋಗದೆ, ಯಾರಿಂದಲೂ ಪ್ರಾರ್ಥನೆ ಮಾಡಿಸದೆ, ಅದೇ ಕೀರ್ತನೆಯನ್ನು ಇನ್ನೊಬ್ಬರಿಂದ ಮೊದಲಿನಿಂದ ಓದಿಸಿದರು. ಎರಡನೆಯ ಓದಿನಲ್ಲಿ, ಇಷ್ಟೆಲ್ಲ ದೂರನ್ನೂ ಹೇಮಾನನು ನನ್ನನ್ನು ರಕ್ಷಿಸುವ ದೇವರೇ ಎಂದು ಕರೆದೇ ಆರಂಭಿಸಿದ್ದಾನೆ ಎಂಬುದು ಆ ಸಹೋದರಿಯ ಕಣ್ಣಿಗೇ ಬಿತ್ತು. ಅರ್ಥವನ್ನು ಬಾಯಿಗೆ ತುರುಕದ ಇಂತಹ ತಾಳ್ಮೆಯನ್ನು ನಾನು ಬೇರೆಡೆ ಕಂಡಿಲ್ಲ.

137ನೆಯ ಕೀರ್ತನೆಯ ಒಂಬತ್ತು ವಚನಗಳಲ್ಲಿ ಮೊದಲಿನವನ್ನು ಹಾಡಿ ಕೊನೆಯವನ್ನು ಬಿಡುವುದು ಎಲ್ಲ ಸಭೆಗಳ ರೂಢಿ. ಬಾಬೆಲಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯನೆಂಬ ಮಾತನ್ನು ಯಾರು ಆರಾಧನೆಯಲ್ಲಿ ಓದಿಯಾರು? ಕಥೋಲಿಕ ಧರ್ಮಸಭೆಯ ಪರಿಷ್ಕೃತ ದಿನವಹಿ ಪ್ರಾರ್ಥನಾವಿಧಿಯಲ್ಲಿ ಈ ಕೀರ್ತನೆಯ ಕೊನೆಯ ವಚನಗಳನ್ನೂ, 58, 83 ಮತ್ತು 109ನೆಯ ಕೀರ್ತನೆಗಳನ್ನು ಇಡಿಯಾಗಿಯೂ ಬಿಟ್ಟಿದ್ದಾರೆಂದು ಅಲ್ಲಿನವರೇ ತಿಳಿಸಿದರು. ಬಿಡುವುದು ಸರಿಯೋ ತಪ್ಪೋ ಎಂಬ ಚರ್ಚೆ ಬಿಸಿಯಾಗಿಯೇ ನಡೆಯಿತು. ಸೆರೆಹೋದವನ ಸೇಡು ಅವನ ಬಾಯಿಂದ ದೇವರ ಕಿವಿಗೆ ಹೋಗಿದೆಯೇ ಹೊರತು ಅವನ ಕೈಗೆ ಇಳಿದಿಲ್ಲ, ಕೋಪವನ್ನು ಒಪ್ಪಿಸುವ ಸರಿಯಾದ ಜಾಗ ಅದೇ ಎಂಬ ಟೀಚರಮ್ಮನವರ ವಿವರಣೆ ನನಗೆ ಮುಕ್ಕಾಲು ಪಾಲು ಒಪ್ಪಿಗೆಯಾಯಿತು. ಉಳಿದ ಕಾಲುಪಾಲು ಆ ಕೂಸುಗಳ ಕಡೆಗಿದೆ.

ನ್ಯಾಯಸ್ಥಾಪಕರ ಗ್ರಂಥದ 11ನೆಯ ಅಧ್ಯಾಯವನ್ನು ತರಗತಿ ಎದುರಿಸಿದ ರೀತಿಯೂ ಮೆಚ್ಚುವಂಥದ್ದು. ಸೂಳೆಯ ಮಗನೆಂದು ಅಣ್ಣತಮ್ಮಂದಿರು ಓಡಿಸಿದ ಯೆಫ್ತಾಹನನ್ನು ಅಮ್ಮೋನಿಯರ ಯುದ್ಧ ಬಂದಾಗ ಗಿಲ್ಯಾದಿನ ಹಿರಿಯರೇ ಕರೆಯಲು ಹೋಗುತ್ತಾರೆ. ಗೆದ್ದು ಬಂದರೆ ಮನೆಯ ಬಾಗಿಲಿನಿಂದ ಎದುರಿಗೆ ಬರುವುದನ್ನು ಹೋಮವಾಗಿ ಅರ್ಪಿಸುವೆನೆಂದು ಅವನು ಹರಕೆ ಹೊರುತ್ತಾನೆ. ದಮ್ಮಡಿ ಬಡಿದು ಕುಣಿಯುತ್ತಾ ಎದುರಿಗೆ ಬಂದವಳು ಅವನ ಒಬ್ಬಳೇ ಮಗಳು. ಆದಿಕಾಂಡ 22ರಲ್ಲಿ ಅಬ್ರಹಾಮನು ತನ್ನ ಮಗ ಇಸಾಕನ ಮೇಲೆ ಎತ್ತಿದ ಕತ್ತಿಯನ್ನು ತಡೆದ ಸ್ವರ ಇಲ್ಲಿ ಬರುವುದಿಲ್ಲ. ಹುಡುಗಿಗೆ ಹೆಸರೂ ಇಲ್ಲ. ಅವಳು ಸಾಯಲಿಲ್ಲ, ಜೀವಮಾನವಿಡೀ ಕನ್ಯೆಯಾಗಿ ದೇವರಿಗೆ ಮೀಸಲಾದಳು ಎಂದು ಮಧ್ಯಯುಗದಿಂದಲೂ ಕೆಲವು ವ್ಯಾಖ್ಯಾನಕಾರರು ವಾದಿಸಿದ್ದಾರೆ. ತರಗತಿ ಆ ದಾರಿಯನ್ನು ತೋರಿಸಿ, ಅದರ ಮೇಲೆ ನಡೆಯಲು ಯಾರನ್ನೂ ಒತ್ತಾಯಿಸಲಿಲ್ಲ. ಹರಕೆ ಹೊತ್ತ ವ್ಯಕ್ತಿಯನ್ನು ಹಣ ಕೊಟ್ಟು ಬಿಡಿಸುವ ಅವಕಾಶ ಯಾಜಕಕಾಂಡ 27ರಲ್ಲಿದೆ, ಯೆಫ್ತಾಹನು ಅದನ್ನು ಕೇಳಿ ತಿಳಿಯಲಿಲ್ಲ ಎಂಬುದನ್ನು ಒಬ್ಬ ಯುವಕ ಎತ್ತಿ ತೋರಿಸಿದನು. ಇಬ್ರಿಯರಿಗೆ ಬರೆದ ಪತ್ರದ 11ನೆಯ ಅಧ್ಯಾಯದಲ್ಲಿ ಇದೇ ಯೆಫ್ತಾಹನ ಹೆಸರು ನಂಬಿಕೆಯ ವೀರರ ಪಟ್ಟಿಯಲ್ಲಿರುವುದನ್ನು ಓದಿದಾಗ ಹೆಂಗಸರ ಸಾಲಿನಲ್ಲಿ ಗೊಣಗಾಟವೆದ್ದಿತು. ಇಸ್ರಾಯೇಲಿನ ಹೆಣ್ಣುಮಕ್ಕಳು ವರ್ಷಕ್ಕೆ ನಾಲ್ಕು ದಿನ ಅವಳಿಗಾಗಿ ಶೋಕಿಸುತ್ತಿದ್ದರೆಂದು ಅಧ್ಯಾಯದ ಕೊನೆಯ ವಚನ ಹೇಳುತ್ತದೆ. ಆ ನಾಲ್ಕು ದಿನಗಳಲ್ಲಿ ಒಂದನ್ನಾದರೂ ನಮ್ಮ ಸ್ತ್ರೀಯರ ಸಂಘ ಆಚರಿಸಬಾರದೇಕೆ ಎಂದು ಒಬ್ಬರು ಕೇಳಿದ್ದಕ್ಕೆ ಉತ್ತರ ಇನ್ನೂ ಬಂದಿಲ್ಲ.

ಎಲ್ಲ ವಾರಗಳೂ ಹೀಗಿರಲಿಲ್ಲ. ಮತ್ತಾಯ 15ರ ಕಾನಾನ್ಯ ಸ್ತ್ರೀಯ ಪ್ರಸಂಗಕ್ಕೆ ಬಂದಾಗ ತರಗತಿ ತನ್ನ ನಿಯಮವನ್ನೇ ಮರೆತಂತೆ ಕಂಡಿತು. ಮಗಳಿಗಾಗಿ ಮೊರೆಯಿಡುವ ತಾಯಿಗೆ ಯೇಸು ಮೊದಲು ಉತ್ತರವನ್ನೇ ಕೊಡುವುದಿಲ್ಲ, ಅನಂತರ ಮಕ್ಕಳ ರೊಟ್ಟಿಯನ್ನು ನಾಯಿಮರಿಗಳಿಗೆ ಹಾಕುವುದು ಸರಿಯಲ್ಲ ಎನ್ನುತ್ತಾನೆ. ಅವಳ ನಂಬಿಕೆಯನ್ನು ಪರೀಕ್ಷಿಸಲು ಹಾಗೆ ಹೇಳಿದನು ಎಂದು ಹೇಳಿ ಹದಿನೈದು ನಿಮಿಷಗಳಲ್ಲಿ ಮುಗಿಸಿಬಿಟ್ಟರು. ಪರೀಕ್ಷೆಯೆಂದು ಆ ಅಧ್ಯಾಯ ಎಲ್ಲಿಯೂ ಹೇಳುವುದಿಲ್ಲ. ಹೇಳಬೇಕಾದ ಕಡೆ ಸತ್ಯವೇದ ಬಾಯಿಬಿಟ್ಟೇ ಹೇಳುತ್ತದೆ: ಆದಿಕಾಂಡ 22 ಆರಂಭವಾಗುವುದೇ ದೇವರು ಅಬ್ರಹಾಮನನ್ನು ಪರೀಕ್ಷಿಸಿದನೆಂಬ ಮಾತಿನಿಂದ, ಯೋಹಾನ 6ರಲ್ಲಿ ಫಿಲಿಪ್ಪನಿಗೆ ಹಾಕಿದ ಪ್ರಶ್ನೆ ಪರೀಕ್ಷೆಗಾಗಿ ಎಂದು ಬರೆದಿದೆ. ಅದರ ಬದಲು ಸುತ್ತಲಿನ ಅಧ್ಯಾಯಗಳನ್ನು ಓದಿದ್ದರೆ, ಇವಳಿಗೆ ಮೊದಲು ಐದು ಸಾವಿರ ಮಂದಿ ಉಂಡು ಹನ್ನೆರಡು ಬುಟ್ಟಿ ರೊಟ್ಟಿ ಉಳಿದದ್ದು, ಇವಳ ನಂತರ ನಾಲ್ಕು ಸಾವಿರ ಮಂದಿ ಉಂಡು ಏಳು ಬುಟ್ಟಿ ಉಳಿದದ್ದು, ನಡುವೆ ಈ ತಾಯಿ ಚೂರುಪಾರನ್ನು ಕೇಳಿದ್ದು ಕಣ್ಣಿಗೆ ಬೀಳುತ್ತಿತ್ತು. ಮತ್ತಾಯನ ಸುವಾರ್ತೆಯಲ್ಲಿ ದೊಡ್ಡ ನಂಬಿಕೆಯೆಂಬ ಹೊಗಳಿಕೆ ಸಿಗುವುದು ಇವಳಿಗೆ ಮತ್ತು 8ನೆಯ ಅಧ್ಯಾಯದ ಶತಾಧಿಪತಿಗೆ, ಇಬ್ಬರೂ ಯೆಹೂದ್ಯರಲ್ಲದ ಅನ್ಯಜನರು. ನಾಯಿಮರಿಯ ಮಾತಿನ ಕಹಿ ಇದರಿಂದ ಹೋಗಿಬಿಡುತ್ತದೆಂದು ನಾನು ಹೇಳುತ್ತಿಲ್ಲ. ಯೇಸುವಿನ ಬಾಯಿಯ ಮಾತು ಬಂದಾಗ ಮಾತ್ರ ನಮಗೆ ಕಹಿಯನ್ನು ಬೇಗ ನುಂಗಿಬಿಡುವ ಆತುರ ಹುಟ್ಟುತ್ತದೆ. ಯೆಫ್ತಾಹನ ಮುಂದೆ ಕುಳಿತಷ್ಟು ಹೊತ್ತು ಇಲ್ಲಿಯೂ ಕುಳಿತುಕೊಳ್ಳಬೇಕಿತ್ತು.

ಯೆಹೋಶುವನ ಯುದ್ಧಗಳನ್ನೂ, ಇಸ್ರಾಯೇಲಿನ ಶತ್ರುಗಳಾದ ಅಮಾಲೇಕ್ಯರ ಕೂಸುಗಳನ್ನೂ ಬಿಡಬೇಡ ಎನ್ನುವ 1 ಸಮುವೇಲ 15ನ್ನೂ ಪಟ್ಟಿಯಲ್ಲಿ ಸೇರಿಸಿಯೇ ಇಲ್ಲ. ಕೇಳಿದಾಗ ಸಮಯವಿಲ್ಲ ಎಂಬ ಉತ್ತರ ಬಂತು. ಕಷ್ಟದ ಭಾಗಗಳ ತರಗತಿಯೆಂದು ಪ್ರಕಟಿಸಿ ಅತಿ ಕಷ್ಟದವನ್ನೇ ಬಿಡುವುದು ದೊಡ್ಡ ಕೊರತೆ.

ಫಿಲಿಪ್ಪಿಯವರಿಗೆ ಬರೆದ ಪತ್ರದ, ನನ್ನನ್ನು ಬಲಪಡಿಸುವಾತನಲ್ಲಿದ್ದು ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ ಮಾತು ಸೆರೆಯಲ್ಲಿದ್ದ ಪೌಲನು ಹಸಿವನ್ನೂ ತೃಪ್ತಿಯನ್ನೂ ಕಲಿತಿದ್ದೇನೆ ಎಂದ ಮೇಲೆ ಹೇಳಿದ್ದು ಎಂಬುದನ್ನು ಎಲ್ಲರೂ ಬಲ್ಲರಾದ್ದರಿಂದ ಆ ವಾರ ಸಪ್ಪೆಯಾಯಿತು. ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯ ಹಾಗಾಗಲಿಲ್ಲ. ಯಾವುದೂ ನಮ್ಮನ್ನು ದೇವರ ಪ್ರೀತಿಯಿಂದ ಅಗಲಿಸಲಾರದು ಎನ್ನುವ ಮೊದಲು ಪೌಲನು ಕೊಯ್ಗುರಿಗಳ ಮಾತನ್ನು 44ನೆಯ ಕೀರ್ತನೆಯಿಂದ ಎತ್ತಿಕೊಂಡಿದ್ದಾನೆ. ಆ ಕೀರ್ತನೆಯೋ, ನಾವು ನಿನ್ನನ್ನು ಮರೆಯಲಿಲ್ಲ, ಆದರೂ ನೀನು ನಮ್ಮನ್ನು ಕೈಬಿಟ್ಟೆ ಎಂದು ದೇವರನ್ನೇ ನಿದ್ದೆಯಿಂದ ಎಬ್ಬಿಸುವ ದೂರು. ನಮ್ಮ ಅತ್ಯಂತ ಧೈರ್ಯದ ಅಧ್ಯಾಯದ ನಡುವೆ ಅತ್ಯಂತ ನಿಷ್ಠುರವಾದ ಕೀರ್ತನೆಯ ತುಣುಕನ್ನು ಪೌಲನು ತಿಳಿದೇ ಇಟ್ಟಿದ್ದಾನೆ ಎಂದು ತಿಳಿದ ಮೇಲೆ ಆ ಅಧ್ಯಾಯವನ್ನು ಸಮಾಧಿಯ ಬಳಿ ಓದಿಸಿಕೊಳ್ಳುವುದು ನನಗೆ ಮೊದಲಿಗಿಂತ ಸಹ್ಯವಾಗಿದೆ.

ಹಬಕ್ಕೂಕನ ಮೂರನೆಯ ಅಧ್ಯಾಯವನ್ನು ಶ್ರೀರಂಗಪಟ್ಟಣದ ಕಡೆಯ ಆ ರೈತರೇ ಓದಿದರು. ಅಂಜೂರ ಚಿಗುರದಿದ್ದರೂ, ದ್ರಾಕ್ಷೆ ಫಲಿಸದಿದ್ದರೂ, ಎಣ್ಣೆಮರ ಕೈಕೊಟ್ಟರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ಕುರಿ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ಎಂಬ ಪಟ್ಟಿಯನ್ನು ಓದಿ ನಿಲ್ಲಿಸಿ, 2023ರಲ್ಲಿ ಕನ್ನಂಬಾಡಿ ತುಂಬದೆ ಹೋದಾಗ ನಾಲೆಗೆ ನೀರು ಯಾವಾಗ ಬಿಡುತ್ತಾರೆಂದು ಕಾಯುತ್ತಾ ಕುಳಿತಿದ್ದೆವು, ಕಬ್ಬು ನಿಂತಲ್ಲೇ ಒಣಗಿತು ಎಂದರು. 124.80 ಅಡಿಯ ಅಣೆಕಟ್ಟಿನ ಮಟ್ಟವನ್ನು ಆ ವರ್ಷ ದಿನವೂ ಬೆಳಿಗ್ಗೆ ಪತ್ರಿಕೆಯಲ್ಲಿ ನೋಡುತ್ತಿದ್ದದ್ದು ನಮಗೆಲ್ಲ ನೆನಪಿತ್ತು. ಆದರೂ ನಾನು ಯೆಹೋವನಲ್ಲಿ ಉಲ್ಲಾಸಿಸುವೆನು ಎಂದು ಆಗ ನನಗೆ ಹೇಳಲಾಗಲಿಲ್ಲ, ಸುಮ್ಮನೆ ಚರ್ಚಿಗೆ ಬಂದು ಹೋಗುತ್ತಿದ್ದೆ, ಅಷ್ಟು ಸಾಕಾಗುತ್ತದೆಯೇ ಎಂದು ಅವರು ಕೇಳಿದರು. ಈ ಗ್ರಂಥ ಎಷ್ಟು ಕಾಲ ಮೊರೆಯಿಡಲಿ ಎಂಬ ಜಗಳದಿಂದ ಆರಂಭವಾಗುತ್ತದೆ, ಹಬಕ್ಕೂಕನಿಗೂ ಮೂರನೆಯ ಅಧ್ಯಾಯಕ್ಕೆ ಬರಲು ಎರಡು ಅಧ್ಯಾಯ ಬೇಕಾಯಿತು ಎಂಬ ಉತ್ತರ ಬಂತು.

ಸೌಲಭ್ಯಗಳ ವಿಷಯದಲ್ಲಿ ಹೊಗಳಲು ಹೆಚ್ಚೇನಿಲ್ಲ. ಆರೂವರೆಗೆ ಎಂದರೆ ಏಳಕ್ಕೆ ಆರಂಭ, ಮುಗಿಯುವುದು ಒಂಬತ್ತರ ಹತ್ತಿರ. ಹಿನಕಲ್ ಕಡೆಗೆ ಸಿಟಿ ಬಸ್ಸು ಹಿಡಿಯಬೇಕಾದವರು ಕೊನೆಯ ಪ್ರಾರ್ಥನೆಯ ನಡುವೆಯೇ ಚಪ್ಪಲಿ ಹುಡುಕುತ್ತಾರೆ. ಆ ಪ್ರಾರ್ಥನೆಯೂ ಸಣ್ಣದಲ್ಲ. ದಸರೆಯ ವಾರ ರಸ್ತೆಗಳೆಲ್ಲ ಬಂದಾಗುವುದು ಈ ಊರಿನ ಮಕ್ಕಳಿಗೂ ಗೊತ್ತಿದ್ದರೂ ತರಗತಿ ಇಲ್ಲವೆಂಬ ಸೂಚನೆ ಅದೇ ದಿನ ಮಧ್ಯಾಹ್ನ ವಾಟ್ಸಾಪಿನಲ್ಲಿ ಬಂತು. ಹಂಚುವ ಹಾಳೆಗಳು ಜೆರಾಕ್ಸಿನ ಜೆರಾಕ್ಸ್ ಆಗಿರುವುದರಿಂದ ಒತ್ತಕ್ಷರಗಳು ಅಳಿಸಿಹೋಗಿರುತ್ತವೆ, ವಯಸ್ಸಾದವರು ಓದಲಾರರು. ಒಂದು ನಕ್ಷೆಯಾದರೂ ಇದ್ದಿದ್ದರೆ ಯೆರೂಸಲೇಮಿನಿಂದ ಬಾಬೆಲಿಗೆ ಎಷ್ಟು ದೂರ, ಕಾನಾನ್ಯ ಸ್ತ್ರೀಯ ಸೀಮೆಯಾದ ತೂರ್ ಸೀದೋನ್ ಯಾವ ದಿಕ್ಕಿಗೆ ಎಂಬುದು ತಿಳಿಯುತ್ತಿತ್ತು. ಯೌವನಸ್ಥರು ಬೆರಳೆಣಿಕೆಯಷ್ಟು. ಮಧ್ಯೆ ಕೊಡುವ ಚಹಾ ಮಾತ್ರ ಚೆನ್ನಾಗಿರುತ್ತದೆ, ಶುಂಠಿ ಧಾರಾಳ.

ಯಾರಿಗೆ ಇದು ಒಗ್ಗುತ್ತದೆ? ಉತ್ತರ ಸಿದ್ಧವಾಗಿ ಬೇಕೆನ್ನುವವರಿಗೆ, ಸ್ವಸ್ಥತೆಯ ಕೂಟಗಳ ಬಿರುಸಿಗೆ ಹೊಂದಿಕೊಂಡವರಿಗೆ ಬೇಸರವಾಗಬಹುದು. ದುಃಖ ಹಸಿಯಾಗಿರುವವರು ಮೊದಲ ವಾರಗಳಲ್ಲಿ ಬರುವುದು ಬೇಡವೆಂದು ನನಗೆ ಅನಿಸಿತ್ತು. 88ನೆಯ ಕೀರ್ತನೆಯ ದಿನದ ಮೇಲೆ ಹಾಗೆ ಹೇಳಲಾರೆ. ವರ್ಷಾನುಗಟ್ಟಲೆ ಪ್ರಸಂಗಗಳನ್ನು ಕೇಳಿ, ಕೆಲವು ಅಧ್ಯಾಯಗಳ ಪುಟಗಳನ್ನು ಮಾತ್ರ ಬೇಗ ಬೇಗ ತಿರುವಿಹಾಕುವ ಅಭ್ಯಾಸವಾಗಿರುವವರು ಖಂಡಿತ ಬರಬೇಕು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಗಡಿಯಾರಕ್ಕಲ್ಲ, ಮತ್ತಾಯ 15ಕ್ಕೆ.

ಮುಂದಿನ ಕಂತಿಗೆ ಯೋಬನ ಗ್ರಂಥವನ್ನು ಆರಿಸಿದ್ದಾರೆ. 42 ಅಧ್ಯಾಯಗಳಲ್ಲಿ ಮೊದಲ ಮೂರನ್ನೂ ಕೊನೆಯ ಐದನ್ನೂ ಓದಿ, ಎಲೀಫಜ, ಬಿಲ್ದದ, ಚೋಫರ, ಎಲೀಹು ಇವರ ಮಾತುಗಳಿಂದ ತುಂಬಿರುವ ನಡುಭಾಗವನ್ನು ಸಾರಾಂಶವಾಗಿ ಹೇಳಿಬಿಡುವ ಆಲೋಚನೆ ನಡೆದಿದೆ. ನಾನು ಟೀಚರಮ್ಮನವರಲ್ಲಿ ಇದನ್ನು ಒಪ್ಪದೆ ಮಾತನಾಡಿದ್ದೇನೆ. ಏಳು ದಿನ ಏಳು ರಾತ್ರಿ, ಎಲ್ಲವನ್ನೂ ಕಳೆದುಕೊಂಡ ಯೋಬನ ಪಕ್ಕದಲ್ಲಿ ನೆಲದ ಮೇಲೆ ಬಾಯಿಬಿಡದೆ ಕುಳಿತಿದ್ದ ಮೂವರು ಸ್ನೇಹಿತರು ಆಮೇಲೆ ಆಡಿದ ಮಾತುಗಳೇ ನಮ್ಮ ಸಾವಿನ ಮನೆಗಳಲ್ಲಿ ಇಂದಿಗೂ ಕೇಳಿಬರುವ ಮಾತುಗಳು; ಒಂದೊಂದೂ ಭಕ್ತಿಯ ಮಾತೇ, ಚೀಟಿಯ ಮೇಲೆ ಅಚ್ಚು ಹಾಕಿಸಬಹುದಾದ ಮಾತೇ. ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಲಿಲ್ಲ ಎಂದು ಯೆಹೋವನು ಎಲೀಫಜನಿಗೆ 42ನೆಯ ಅಧ್ಯಾಯದಲ್ಲಿ ಹೇಳುವಾಗ ಅವರು ಏನು ಮಾತನಾಡಿದ್ದರೆಂದು ನಮಗೆ ತಿಳಿದಿರಬೇಕು. ನೋಡೋಣ, ಎಲ್ಲರೂ ಹಾಗೆಯೇ ಕೇಳಿದರೆ ನಡುಭಾಗಕ್ಕೆ ಇನ್ನೂ ನಾಲ್ಕು ವಾರ ಸೇರಿಸುತ್ತೇನೆ ಎಂದು ಅವರು ಹೇಳಿದ್ದಾರೆ. ಹೊಸದಾಗಿ ಸೇರುವವರು ನಾಲ್ಕರಿಂದ ಏಳರವರೆಗಿನ ಅಧ್ಯಾಯಗಳನ್ನು ಮನೆಯಲ್ಲಿ ಓದಿಕೊಂಡು ಬಂದು ನನ್ನ ಪಕ್ಷಕ್ಕೆ ಕೈ ಎತ್ತಿದರೆ ಉಪಕಾರವಾಗುತ್ತದೆ.